ಮೀನು ಕೊಂಡ ಮಾಹಿತಿದಾರ

ಶಾಲೆಯಿಂದ ನಿವೃತ್ತನಾದ ಮೇಲೂ ನನ್ನೊಳಗಿನ ಕನ್ನಡ ಮೇಷ್ಟ್ರು ನಿವೃತ್ತನಾಗಿರಲಿಲ್ಲ. ಸುಂಟಿಕೊಪ್ಪದ ಅಂಗಡಿ ಬೋರ್ಡುಗಳಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಿದ್ದೆ. ಅಂಗಡಿಯವರು ಮರ್ಯಾದೆಯಿಂದ ಕೇಳಿಸಿಕೊಂಡು ಬೋರ್ಡನ್ನು ಹಾಗೆಯೇ ಬಿಡುತ್ತಿದ್ದರು. ಊರಿನ ಮಾತು ಕಲಬೆರಕೆಯಾಗುತ್ತಿದೆ ಎಂದು ಸ್ಥಳೀಯ ಪತ್ರಿಕೆಗೆ ಆಗಾಗ ಬರೆಯುತ್ತಲೂ ಇದ್ದೆ. ಅದನ್ನು ತಪ್ಪದೆ ಓದುತ್ತಿದ್ದವನು ನಾನೊಬ್ಬನೇ.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಒಬ್ಬಳು ಸಂಶೋಧನಾರ್ಥಿ ಬಂದಳು. ಕೊಡವ, ಮಲಯಾಳ, ತಮಿಳು, ತುಳು, ಉರ್ದು ಮನೆಮಾತಿನವರೆಲ್ಲ ಒಟ್ಟಿಗಿರುವ ಊರಿನಲ್ಲಿ ಕನ್ನಡವನ್ನು ಹೇಗೆ ಆಡುತ್ತಾರೆ ಎಂಬುದು ಅವಳ ವಿಷಯ. ಯಾರೋ ಅವಳನ್ನು ನನ್ನ ಬಳಿ ಕಳುಹಿಸಿದ್ದರು. ಕೊನೆಗೂ ಒಬ್ಬರಿಗೆ ನನ್ನ ಬೆಲೆ ತಿಳಿಯಿತು ಎಂದುಕೊಂಡೆ.

ಇಡೀ ಬೆಳಗ್ಗೆ ಅವಳ ಮುಂದೆ ಕನ್ನಡದ ಅವನತಿಯ ಬಗ್ಗೆ ಮಾತಾಡಿದೆ. ಅವಳು ತಲೆಯಾಡಿಸುತ್ತ ಕೇಳಿ, ಕಾಫಿ ಕುಡಿದು, ಮೆತ್ತಗೆ ಕೇಳಿದಳು.

"ಸರ್, ನಾಳೆ ಸಂತೆಗೆ ಹೋಗ್ತೀರಲ್ಲ? ನಿಮ್ಮ ಅಂಗಿಗೆ ಒಂದು ಮೈಕ್ ಸಿಕ್ಕಿಸಬಹುದಾ? ಜನ ನಿಮ್ಮ ಜೊತೆ ಹೇಗೆ ಮಾತಾಡ್ತಾರೆ ಅಂತ ನೋಡ್ಬೇಕಿತ್ತು."

"ಜ್ಞಾನದ ಕಾರ್ಯಕ್ಕೆ ನನ್ನ ಅಂಗಿ ಮಾತ್ರವಲ್ಲ, ನನ್ನ ಧ್ವನಿಯೂ ಮುಡಿಪು" ಎಂದೆ. ಒಳಗಿಂದ ನನ್ನ ಹೆಂಡತಿ ಕೆಮ್ಮಿದಳು.

ಮರುದಿನ ಮೈಕ್ ಸಿಕ್ಕಿಸಿಕೊಂಡು ಸಂತೆಗೆ ಹೊರಟೆ. ಮೊದಲ ಅಂಗಡಿಯಲ್ಲಿ ಬದನೆಕಾಯಿಯನ್ನು ಅಚ್ಚುಕಟ್ಟಾದ ಕನ್ನಡದಲ್ಲಿಯೇ ಕೊಂಡೆ. ಮೀನಿನ ಕಡೆ ತಿರುಗುವ ಹೊತ್ತಿಗೆ ಮೈಕ್ ಮರೆತೇಹೋಗಿತ್ತು.

ಕೆಲವು ತಿಂಗಳ ಬಳಿಕ ಮಡಿಕೇರಿಯ ವಿಚಾರಸಂಕಿರಣವೊಂದಕ್ಕೆ ಆ ಸಂಶೋಧನಾರ್ಥಿ ನಮ್ಮನ್ನು ಕರೆದಳು. ಅಲ್ಲಿ ಅವಳ ಪ್ರಬಂಧ ಮಂಡನೆಯಿತ್ತು. ಅದರ ಬೆನ್ನೆಲುಬು ನನ್ನ ಉಪನ್ಯಾಸವೇ ಇರಬೇಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಎರಡನೇ ಸಾಲಿನಲ್ಲಿ ಕುಳಿತೆ. ವೇದಿಕೆಗೆ ಕರೆದರೆ ಆಡಬೇಕಾದ ನಾಲ್ಕು ಮಾತುಗಳೂ ಸಿದ್ಧವಿದ್ದವು.

ಅವಳು ಪೀಠಿಕೆ ಮುಗಿಸಿ, "ಈಗ ಒಬ್ಬ ಮಾಹಿತಿದಾರರ ಮಾತು ಕೇಳೋಣ" ಎಂದಳು. ಸ್ಪೀಕರಿನಿಂದ ಸಂತೆಯ ಗದ್ದಲ ಹೊರಟಿತು. ಅದರ ನಡುವೆ ಒಂದು ಗಂಡಸಿನ ದನಿ.

"ಕಾಕಾ, ಮತ್ತಿ ಮೀನು ಎಂತ ರೇಟು? ನಿನ್ನೆದಲ್ಲ ತಾನೇ? ಕೊರಚ್ಚ್ ಕೊರಕ್ಕ್ ಕಾಕಾ, ಕಮ್ಮಿ ಮಾಡಿ. ಅಕ್ಕಾ, ಕೊಂಜಂ ತಳ್ಳಿ ನಿಲ್ಲುಂಗ, ಸ್ವಲ್ಪ ಆಚೆ. ಕಾಕಾ, ಜಲ್ದಿ ಕ್ಲೀನ್ ಮಾಡಿ, ಬಿಸಿಲು ಜಾಸ್ತಿ ಉಂಟು."

ಎಂಥ ಕುಲಗೆಟ್ಟ ಭಾಷೆ ಎಂದು ನಾನು ಹುಬ್ಬು ಗಂಟಿಕ್ಕಿದೆ. ಹೆಂಡತಿ ನನ್ನ ಕಡೆ ಬಾಗಿ, "ರೀ, ಇದು ನೀವೇ ಅಲ್ವಾ?" ಎಂದಳು.

ನಾನೇ ಆಗಿದ್ದೆ. ಧ್ವನಿ ಮುಂದುವರಿಯಿತು. ಅಂದು ಕ್ಲೀನ್ ಮಾಡಲು ತೆಗೆದ ಮೀನಿನಲ್ಲಿ ಅರ್ಧದಷ್ಟು ಹೊಟ್ಟೆ ಒಡೆದ ಹಳೆಯ ಮೀನೇ ಇತ್ತು.

"ಇದು ಸರ್ವಥಾ ಒಪ್ಪತಕ್ಕದ್ದಲ್ಲ. ಗ್ರಾಹಕನ ವಿಶ್ವಾಸಕ್ಕೆ ಎಸಗಿದ ದ್ರೋಹ."

"ಎಂತ ಮಾಷೆ," ಮೇಷ್ಟ್ರನ್ನು ಮಲಯಾಳದಲ್ಲಿ ಕರೆಯುತ್ತ ಮೀನಿನವರು ಗಾಬರಿಯಿಂದ ಕೇಳುತ್ತಿದ್ದರು, "ಬೈದದ್ದಾ?"

ಸಭೆಯೆಲ್ಲ ನಕ್ಕಿತು. ನಾನು ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತ ಕುಳಿತೆ. ಸಂಶೋಧನಾರ್ಥಿ ವಿವರಿಸಿದಳು. ಈ ಮಾಹಿತಿದಾರರು ಮಾತು ಬೆರೆಸುವುದು ಭಾಷೆ ಬಾರದೆ ಅಲ್ಲ. ಏನಾದರೂ ಬೇಕಿದ್ದಾಗ, ಸಲುಗೆ ತೋರಿಸುವಾಗ ಎದುರಿನವರ ಮಾತಿಗೆ ಇಳಿಯುತ್ತಾರೆ. ಸಿಟ್ಟು ಬಂದರೆ ಮಾತ್ರ ಗ್ರಂಥದ ಕನ್ನಡಕ್ಕೆ ಏರುತ್ತಾರೆ.

"ಮನೇಲೂ ಹಂಗೇ," ಹೆಂಡತಿ ತನ್ನಷ್ಟಕ್ಕೆ ಹೇಳಿಕೊಂಡಳು. "ಗ್ರಂಥ ಶುರುವಾಯ್ತು ಅಂದ್ರೆ ನಾನು ಹಿತ್ತಲಿಗೆ ಹೋಗ್ಬಿಡ್ತೀನಿ."

ಪ್ರಶ್ನೋತ್ತರದ ಸಮಯದಲ್ಲಿ ಮುಂದಿನ ಸಾಲಿನ ಪ್ರಾಧ್ಯಾಪಕರೊಬ್ಬರು ಎದ್ದರು. "ಇದು ಭಾಷೆಯಲ್ಲ, ಭಾಷೆಯ ಅಧಃಪತನ. ಅಕ್ಷರ ಗೊತ್ತಿಲ್ಲದ ಯಾರನ್ನೋ ಹಿಡಿದು ತಂದು ಸಿದ್ಧಾಂತ ಕಟ್ಟಿದರೆ ಹೇಗೆ?"

ಅದು ಹೆಚ್ಚುಕಡಿಮೆ ನಾನು ಪತ್ರಿಕೆಗೆ ಬರೆಯುತ್ತಿದ್ದ ಮಾತೇ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಆ ಹುಡುಗಿ ಉತ್ತರಕ್ಕೆ ತಡವರಿಸುತ್ತಿದ್ದಳು, ನನ್ನ ಹೆಸರು ಹೇಳಬಾರದೆಂಬ ಸಂಕೋಚ ಬೇರೆ. ನಾನು ಎದ್ದು ನಿಂತೆ.

"ಮಾನ್ಯರೇ, ಆ ಅನಕ್ಷರಸ್ಥ ನಾನೇ. ಜೀವಮಾನವಿಡೀ ಕನ್ನಡ ವ್ಯಾಕರಣ ಬೋಧಿಸಿದವನು. ನಮ್ಮೂರಿನ ಜನ ಪರಸ್ಪರರ ನುಡಿಗೆ ತೋರುವ ಗೌರವವನ್ನು ಅಧಃಪತನವೆಂದು ಹಳಿಯುವುದು ತಮ್ಮಂತಹ ವಿದ್ವಾಂಸರಿಗೆ ಶೋಭೆ ತರುವುದಿಲ್ಲ. ತಮ್ಮ ಆಕ್ಷೇಪಣೆಯನ್ನು ನಾನು ಸಂಪೂರ್ಣವಾಗಿ ತಿರಸ್ಕರಿಸುತ್ತೇನೆ."

ಮಾತು ಮುಗಿಸಿ ಕುಳಿತೆ. ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ಯಾಕೆಂದು ನನಗೆ ಹೊಳೆಯಲಿಲ್ಲ. ಹುಡುಗಿ ಕೆಳತುಟಿ ಕಚ್ಚಿಕೊಂಡು ಹೇಳಿದಳು: "ಸರ್, ಥ್ಯಾಂಕ್ಸ್. ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿರಲಿಲ್ಲ."

ಆಗ ತಿಳಿಯಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಪ್ರಾಧ್ಯಾಪಕರೂ ನಕ್ಕರು. ಊಟದ ಹೊತ್ತಿಗೆ ನನ್ನ ಪಕ್ಕಕ್ಕೇ ತಟ್ಟೆ ಹಿಡಿದು ಬಂದು, ಸುಂಟಿಕೊಪ್ಪದಲ್ಲಿ ಮೀನು ಯಾವ ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿದರು.

ಸಂಜೆ ಹುಡುಗಿಯೂ ನಮ್ಮ ಬಸ್ಸನ್ನೇ ಹತ್ತಿದಳು. ಅವಳಿಗೂ ನನ್ನ ಹೆಂಡತಿಗೂ ಮುಂದೆ ಸೀಟು ಸಿಕ್ಕಿತು. ನಾನು ಹಿಂದೆ ಕಂಬಿ ಹಿಡಿದು ನಿಂತೆ. ಹೆಂಡತಿಯ ತವರು ಕುಶಾಲನಗರದ ಹತ್ತಿರ, ಅವಳ ಅಜ್ಜಿಯ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ಹುಡುಗಿ, ಆ ಮನೆಮಾತಿನ ಬಗ್ಗೆಯೇ ಇರಬೇಕು, ಏನೋ ಕೇಳಿದಳು. ಹೆಂಡತಿ ಕೈಯಲ್ಲಿ ರಾಗಿ ಕೇರುವ ಹಾಗೆ ಮಾಡಿ ತೋರಿಸುತ್ತ ಹೇಳತೊಡಗಿದಳು. ಅಷ್ಟು ಹೊತ್ತು ಒಂದೇ ಸಮನೆ ಅವಳು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕೇಳೋಣವೆಂದರೆ ಬಸ್ಸಿನ ಸದ್ದು. ಜನರ ನಡುವೆ ಜಾಗ ಮಾಡಿಕೊಂಡು ಅವರ ಸೀಟಿನ ತನಕ ಹೋಗುವಷ್ಟರಲ್ಲಿ ಕಂಡಕ್ಟರ್, "ಸುಂಟಿಕೊಪ್ಪ, ಇಳಿಯೋರು ಮುಂದೆ ಬನ್ನಿ" ಎಂದ.