ಮಗಳು ಆರಿಸಿದ ಸಣ್ಣ ಕ್ಯಾಬಿನೆಟ್

ಆಫೀಸಿನಲ್ಲಿ ನನ್ನ ಕೆಲಸ ಅಳತೆಗಳನ್ನು ಓದುವುದು. ಹಮದ್ ಬಂದರಿಗೆ ಬರುವ, ಅಲ್ಲಿಂದ ಹೊರಡುವ ಪೆಟ್ಟಿಗೆಗಳ ಉದ್ದ, ಅಗಲ, ಎತ್ತರ, ತೂಕ. ದೋಹಾದ ಮುಶೈರಿಬ್‌ನ ಒಂದು ಕಟ್ಟಡದಲ್ಲಿ ಕುಳಿತು, ಕಣ್ಣಿಗೆ ಕಾಣದ ಸಾಮಾನನ್ನು ಬರೀ ಅಂಕಿಗಳಿಂದ ಮುಂದೆ ತಂದು ನಿಲ್ಲಿಸಿಕೊಳ್ಳುವುದು ಇಷ್ಟು ವರ್ಷಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ಆದರೆ ಈ ಬೇಸಿಗೆಯಲ್ಲಿ ನನ್ನ ಮಗಳು ಹಲವು ವಾರ ನನ್ನ ಮುಂದೆ ಹಿಡಿದ ಅಳತೆಗಳಲ್ಲಿ ಏನಿದೆ ಎಂದು ನನಗೆ ತಿಳಿಯಲಿಲ್ಲ. ಆ ವಾರಗಳನ್ನು ಈಗ ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಬರೆಯಲು ನೋಡುತ್ತೇನೆ. ಬೇಗ ಬರೆದರೆ ಏನಾದರೂ ಬಿಟ್ಟುಹೋಗುತ್ತದೆ.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಗೇಮಿಂಗ್ ಕಂಪ್ಯೂಟರ್ ಕೊಡಿಸುತ್ತೇವೆ ಎಂದು ನಾನು ಮತ್ತು ನನ್ನ ಗಂಡ ಅವಳಿಗೆ ಮಾತು ಕೊಟ್ಟಿದ್ದೆವು. ಐದು ಸಾವಿರ ರಿಯಾಲ್. ಅದರ ಮೇಲೆ ಒಂದು ಚಿಲ್ಲರೆ ದಿರ್ಹಮ್ ಕೂಡ ಕೇಳಬಾರದು ಎಂಬ ಷರತ್ತು ನನ್ನದು. ಸಿದ್ಧವಾಗಿ ಸಿಗುವುದು ತನಗೆ ಬೇಡ, ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಎಲ್ಲವನ್ನೂ ಒಂದೊಂದಾಗಿ ಆರಿಸಿ ಮನೆಯಲ್ಲೇ ಜೋಡಿಸಬೇಕು ಎಂಬ ಷರತ್ತು ಅವಳದು.

ಫಲಿತಾಂಶ ಬಂದಾಗ ಅವಳ ಕೈಯಲ್ಲಿ ಎರಡು ಕಾಲೇಜು ಸೀಟುಗಳಿದ್ದವು. ಒಂದು ಇಲ್ಲೇ ದೋಹಾದಲ್ಲಿ, ಮನೆಯಿಂದ ಮೆಟ್ರೋದಲ್ಲಿ ಹೋಗಿ ಬರಬಹುದಾದದ್ದು. ಇನ್ನೊಂದು ಊರಿನಲ್ಲಿ, ಉಡುಪಿಯ ಕಡೆ, ಹಾಸ್ಟೆಲ್‌ನಲ್ಲಿದ್ದು ಓದಬೇಕಾದದ್ದು. ಜುಲೈ ಮುಗಿಯುವುದರೊಳಗೆ ಒಂದನ್ನು ಒಪ್ಪಿ ತಿಳಿಸಬೇಕಿತ್ತು. ನೀನೇ ನಿರ್ಧಾರ ಮಾಡು ಎಂದು ನಾವು ಹೇಳಿದೆವು. ಹೇಳಿದ ಮೇಲೆ ಮತ್ತೆ ಮತ್ತೆ ಕೇಳಿ ಅವಳನ್ನು ಕಾಡಬಾರದು ಎಂದು ನಾವಿಬ್ಬರೇ ಇದ್ದಾಗ ಮಾತಾಡಿಕೊಂಡೆವು. ಅವಳು ಇಲ್ಲೇ ಉಳಿಯಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದನ್ನು ಅವಳಿಗೆ ಹೇಳಿರಲಿಲ್ಲ. ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ಇಲ್ಲಿ ವಾರದ ರಜೆಯಾದ ಶುಕ್ರವಾರ, ಇಗರ್ಜಿಯಲ್ಲಿ ಪೂಜೆಯ ಹೊತ್ತಿಗೆ ಮಂಡಿಯೂರಿದಾಗ ಮಾತ್ರ ಅದೊಂದನ್ನೇ ಹೇಳಿಕೊಳ್ಳುತ್ತಿದ್ದೆ.

ಇಲ್ಲಿ ನಮ್ಮಂಥವರ ಮನೆಗಳಲ್ಲಿ ಏನು ಕೊಳ್ಳುವಾಗಲೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೋಗುವಾಗ ಇದನ್ನು ಏನು ಮಾಡುವುದು? ಹಾಗಾಗಿ ನಮ್ಮ ಕುರ್ಚಿಗಳು ಮಡಚುವಂಥವು. ಸೋಫಾ ಮಂಗಳೂರಿಗೆ ಹೊರಟ ಒಂದು ಕುಟುಂಬ ಬಿಟ್ಟುಹೋದದ್ದು. ಅಲಮಾರಿ ಇನ್ಯಾರೋ ಊರಿಗೆ ಹೊರಟವರಿಂದ ಅರ್ಧ ಬೆಲೆಗೆ ತೆಗೆದುಕೊಂಡದ್ದು, ನಾವು ಹೊರಟಾಗ ಇನ್ಯಾರಿಗೋ ಕೊಟ್ಟುಹೋಗುವಂಥದ್ದು. ಈ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನನಗೆ ದೊಡ್ಡದು ಬೇಕೆನ್ನಿಸಿತು. ಒಬ್ಬರೇ ಎತ್ತಲಾಗದಷ್ಟು ಭಾರದ್ದು, ಗೋಡೆಗೆ ಒತ್ತಿ ಇಟ್ಟರೆ ನಾಲ್ಕು ವರ್ಷ ಅಲ್ಲಾಡದೆ ಕೂರುವಂಥದ್ದು.

ನನ್ನ ಗಂಡನಿಗೂ ಹಾಗೇ ಅನ್ನಿಸಿರಬೇಕು. ಅವರು ಮೆಸಯೀದ್‌ನ ಒಂದು ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಯಂತ್ರಗಳು ಬಂದ ಮರದ ಪೆಟ್ಟಿಗೆಗಳ ಹಲಗೆಯನ್ನು ಅಲ್ಲಿ ಎಸೆಯುತ್ತಾರೆ. ಅವರು ಗೇಟ್‌ಪಾಸ್ ಮಾಡಿಸಿ, ಪಿಕಪ್ ಇದ್ದ ಒಬ್ಬ ಗೆಳೆಯನನ್ನು ಒಪ್ಪಿಸಿ, ಆ ಹಲಗೆಗಳನ್ನು ಮನೆಗೆ ತಂದರು. ಕಂಪನಿಯ ಬಸ್ಸಿನಿಂದಿಳಿದು ಸ್ನಾನ ಮಾಡಿ, ಊಟಕ್ಕೆ ಮೊದಲು ಬಾಲ್ಕನಿಯಲ್ಲಿ ಉಜ್ಜಲು ಕೂರುತ್ತಿದ್ದರು. ಅವಳ ಕೋಣೆಯ ಒಂದು ಗೋಡೆಯ ಉದ್ದಕ್ಕೂ ಬರುವಂಥ ಮೇಜು. ಅಷ್ಟು ಉದ್ದದ್ದು ಮೆಟ್ಟಿಲಿನ ತಿರುವಿನಲ್ಲಿ ಹಿಡಿಸುವುದಿಲ್ಲ ಎಂದು ನಾನು ಹೇಳಿದಾಗ, "ಅದನ್ನು ಇಳಿಸೋದು ಯಾರು ಈಗ?" ಎಂದರು.

ಪರೀಕ್ಷೆಗೆ ಮೊದಲು ಮಗಳು ನನಗೆ ಮೊಬೈಲಿನಲ್ಲಿ ತೋರಿಸುತ್ತಿದ್ದದ್ದು ಎತ್ತರದ ಗಾಜಿನ ಕ್ಯಾಬಿನೆಟ್. ಎಲ್ಲ ಬಿಡಿಭಾಗಗಳನ್ನು ಒಳಗಿಟ್ಟುಕೊಳ್ಳುವ ಪೆಟ್ಟಿಗೆಯನ್ನು ಹಾಗೆ ಕರೆಯುತ್ತಾರೆ. ಒಳಗೆ ಬಣ್ಣದ ದೀಪ ಬೆಳಗುವ ಫ್ಯಾನುಗಳು. ಗ್ರಾಫಿಕ್ಸ್ ಕಾರ್ಡ್ ಯಾವ ದರ್ಜೆಯದು ಬೇಕು ಎಂಬುದನ್ನು ಅವಳು ವರ್ಷದ ಹಿಂದೆಯೇ ನಿಶ್ಚಯಿಸಿದ್ದಳು. ಆಟದ ಚಿತ್ರ ಎಷ್ಟು ಚೊಕ್ಕವಾಗಿ, ಎಷ್ಟು ಬೇಗ ತೆರೆಗೆ ಬರುತ್ತದೆ ಎಂಬುದೆಲ್ಲ ಆ ಕಾರ್ಡಿನ ಮೇಲೆಯೇ ನಿಂತಿದೆ, ಬೇರೆಲ್ಲಿ ಬೇಕಾದರೂ ಕೈ ಬಿಗಿ ಹಿಡಿಯುತ್ತೇನೆ, ಅಲ್ಲಿ ಹಿಡಿಯುವುದಿಲ್ಲ ಎನ್ನುತ್ತಿದ್ದಳು.

ಫಲಿತಾಂಶದ ನಂತರ ಮೊದಲು ಕ್ಯಾಬಿನೆಟ್ ಸಣ್ಣದಾಯಿತು. ಆಮೇಲೆ ಇನ್ನೂ ಸಣ್ಣದಾಯಿತು. ಸಣ್ಣ ಕ್ಯಾಬಿನೆಟ್ಟಿಗೆ ಸಣ್ಣ ಮದರ್‌ಬೋರ್ಡೇ ಬೇಕು, ಸಣ್ಣ ಪವರ್ ಸಪ್ಲೈಯೇ ಬೇಕು. ಈ ವ್ಯಾಪಾರದಲ್ಲಿ ಸಣ್ಣದಕ್ಕೇ ಬೆಲೆ ಹೆಚ್ಚು ಎಂದು ನನಗೆ ಆಗ ಗೊತ್ತಾಯಿತು. ಅಲ್ಲಿ ಹೆಚ್ಚಾದದ್ದನ್ನು ಸರಿದೂಗಿಸಲು ಅವಳು ಗ್ರಾಫಿಕ್ಸ್ ಕಾರ್ಡನ್ನು ಒಂದು ದರ್ಜೆ ಕೆಳಗಿಳಿಸಿದಳು. ಅದನ್ನು ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ.

"ಆ ಕಾರ್ಡಿಗೋಸ್ಕರ ವರ್ಷವಿಡೀ ತಲೆ ತಿಂದವಳು ನೀನೇ ಅಲ್ವಾ?" ಎಂದೆ.

"ಇದೂ ಸಾಕು ಮಮ್ಮಿ. ಆಟ ನಡೀತದೆ."

"ಜಾಗ ಇಲ್ಲ ಅಂತ ನೀನು ಸಣ್ಣದು ತಗೊಳ್ಳೋದು ಬೇಡ. ಬೇಕಾದ್ರೆ ನಿನ್ನ ಕೋಣೆಯ ಇಸ್ತ್ರಿ ಮೇಜನ್ನು ಹಾಲಿಗೆ ಹಾಕ್ತೇನೆ."

"ಸಣ್ಣದು ಚೆಂದ ಉಂಟು."

ಊಟದ ತಟ್ಟೆ ಹಿಡಿದು ಬಂದ ಅವಳ ಅಪ್ಪ ಬಗ್ಗಿ ಮೊಬೈಲ್ ನೋಡಿದರು. "ಇದು ಕಂಪ್ಯೂಟರಾ, ಬ್ರೆಡ್ ಟೋಸ್ಟರಾ?"

"ನಿಮ್ಮ ಪ್ಲಾಂಟಲ್ಲಿ ಎಲ್ಲಾ ಬಾಯ್ಲರ್ ಸೈಜಲ್ವಾ ಪಪ್ಪಾ, ಅದಕ್ಕೆ ನಿಮಗೆ ಹಾಗೆ ಕಾಣೋದು."

"ನಾನು ಮಾಡಿದ ಮೇಜಿನ ಮೇಲೆ ಇದನ್ನಿಟ್ರೆ ಫುಟ್‌ಬಾಲ್ ಗ್ರೌಂಡಲ್ಲಿ ಒಂದು ಟಿಫಿನ್ ಬಾಕ್ಸ್ ಇಟ್ಟ ಹಾಗೆ ಆಗ್ತದೆ ಮಗಾ."

ಅವಳು ನಕ್ಕಳು. ನಾನೂ ನಕ್ಕೆ. ನಮ್ಮ ಮನೆ ಒಂದು ವಿಲ್ಲಾವನ್ನು ಪಾಲು ಮಾಡಿದ ಮೂರು ಕೋಣೆ. ಮಗಳು ನಮ್ಮ ಇಕ್ಕಟ್ಟನ್ನು ನೋಡಿ ತನ್ನ ಆಸೆಯನ್ನು ಕುಗ್ಗಿಸುತ್ತಿದ್ದಾಳೆ ಎಂದುಕೊಂಡೆ. ಅವಳ ಬಗ್ಗೆ ಹೆಮ್ಮೆಯೂ ಆಯಿತು. ಮಾರನೆಯ ದಿನ ಇಸ್ತ್ರಿ ಮೇಜನ್ನು ನಿಜವಾಗಿಯೂ ಹಾಲಿಗೆ ಹಾಕಿದೆ.

ಜುಲೈ ಕೊನೆಯ ವಾರಕ್ಕೆ ಹಿಂದಿನ ವಾರ, ಆಫೀಸು ಬಿಟ್ಟ ಮೇಲೆ ಅವಳನ್ನು ಮೆಟ್ರೋ ನಿಲ್ದಾಣದಲ್ಲಿ ಸೇರಿಕೊಂಡು ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋದೆ. ಸೆಕೆಗೆ ಅವಳ ಕನ್ನಡಕ ಮಂಜಾಗಿತ್ತು. ಅಂಗಡಿಯಾತ ಕೇರಳದವ, ನಡುವಯಸ್ಸು. ಅವಳು ಹೇಳಿದ್ದನ್ನೆಲ್ಲ ಒಂದೊಂದಾಗಿ ಒಳಗಿಂದ ತಂದು ಗಾಜಿನ ಕೌಂಟರಿನ ಮೇಲೆ ಇಡುತ್ತಾ ಹೋದ. ಪ್ರೊಸೆಸರಿನ ಡಬ್ಬಿ ನನ್ನ ಅಂಗೈಯಷ್ಟು. ಎರಡು ರ‍್ಯಾಮ್ ಪಟ್ಟಿಗಳು. ಕೊನೆಗೆ ಕ್ಯಾಬಿನೆಟ್.

"ಚೇಚಿ, ಇದು ಇಲ್ಲಿಗೋ, ಊರಿಗೋ?" ಎಂದು ಕೇಳಿದ. ಅಕ್ಕ ಎಂಬುದಕ್ಕೆ ಹೇಳಿದ ಚೇಚಿ ಮಾತ್ರ ಮಲಯಾಳ, ಉಳಿದದ್ದು ಹಿಂದಿ.

ಅವನು ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆ ಅದು. ಇಲ್ಲಿಗಾದರೆ ಅಂಗಡಿಯ ವಾರಂಟಿ ಸಾಕು. ಊರಿಗಾದರೆ ಅಲ್ಲಿಯೂ ನಡೆಯುವ ವಾರಂಟಿ ಇರುವ ಸಾಮಾನು ಬೇರೆ, ಅದಕ್ಕೆ ಬೆಲೆ ಸ್ವಲ್ಪ ಹೆಚ್ಚು.

"ಇಲ್ಲಿಗೇ," ಎಂದೆ ನಾನು.

ಅದೇ ಉಸಿರಿಗೆ ಮಗಳು, "ನಾಟ್ಟಿಲೇಕ್," ಎಂದಳು. ಊರಿಗೆ. ಶಾಲೆಯ ಗೆಳತಿಯರಿಂದ ಕಲಿತ ಮಲಯಾಳ ಅದು.

ಅಂಗಡಿಯಾತ ನನ್ನನ್ನು ನೋಡಿದ, ಅವಳನ್ನು ನೋಡಿದ. ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ. "ಅಮ್ಮ ಮಗಳು ಹೋಗಿ ಒಂದೊಂದು ಚಾಯ ಕುಡಿದು ಬನ್ನಿ. ಸಾಮಾನು ಎಲ್ಲಿಗೂ ಓಡಿಹೋಗುವುದಿಲ್ಲ," ಎಂದ.

ಹೊರಡುವ ಮೊದಲು ಕ್ಯಾಬಿನೆಟ್ ಪೆಟ್ಟಿಗೆಯ ಬದಿಯಲ್ಲಿ ಅಚ್ಚಾಗಿದ್ದ ಮೂರು ಅಂಕಿಗಳನ್ನು ಓದಿದೆ. ಈಗಾಗಲೇ ಎಷ್ಟೋ ಸಲ ಮೊಬೈಲಿನಲ್ಲಿ ನೋಡಿದ್ದವೇ. ವಿಮಾನದಲ್ಲಿ ತಲೆಯ ಮೇಲಿನ ಗೂಡಿಗೆ ಹಾಕಲು ಬಿಡುವ ಚೀಲದ ಅಳತೆ ನನಗೆ ಬಾಯಿಪಾಠ. ಈ ಪೆಟ್ಟಿಗೆ ಎಲ್ಲ ಬದಿಗೂ ಅದಕ್ಕಿಂತ ತುಸು ಕಡಿಮೆ ಇತ್ತು. ಸುತ್ತ ಟವೆಲ್ ಸುತ್ತಿದರೆ ಸರಿಯಾಗಿ ಕೂರುವಷ್ಟು. ಅವಳು ಅಷ್ಟನ್ನೂ ಲೆಕ್ಕ ಹಾಕಿದ್ದಳು. ನನ್ನ ಮಗಳೇ ಎಂದು ಅನ್ನಿಸಿತು.

ಹೊರಗೆ, ಕರಕ್ ಎಂಬ ಗಟ್ಟಿ ಹಾಲಿನ ಚಾಯ ಮಾರುವ ಗೂಡಂಗಡಿಯ ಪಕ್ಕ ನಿಂತೆವು. ಕಾಗದದ ಲೋಟ ಬೆರಳು ಸುಡುತ್ತಿತ್ತು.

"ಯಾವಾಗ ಹೇಳ್ಬೇಕು ಅಂತಿದ್ದಿ?"

"ಪಪ್ಪನ ಮೇಜು ಮುಗಿದ ಮೇಲೆ."

"ಮುಗಿದು ಎರಡು ವಾರ ಆಯ್ತು."

"ಹೌದು. ಮತ್ತೆ ಪಾಲಿಶ್ ಶುರು ಮಾಡಿದ್ರಲ್ಲ."

ನನಗೆ ಹೇಳಲು ಬಹಳ ಇತ್ತು. ಇಲ್ಲಿನ ಸೀಟು ಸುಲಭಕ್ಕೆ ಸಿಗುವಂಥದ್ದಲ್ಲ ಎಂದು, ಅಲ್ಲಿ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯುತ್ತದೆ ಎಂದು. ಬಾಯಿಗೆ ಬಂದದ್ದು, "ಇಲ್ಲಿ ಎಲ್ಲಾ ಉಂಟಲ್ಲ," ಎಂಬುದು ಮಾತ್ರ.

"ಉಂಟು ಮಮ್ಮಿ. ಆದ್ರೆ ನಾಲ್ಕು ವರ್ಷ ಆದ್ಮೇಲೂ ಹೋಗ್ಲೇಬೇಕಲ್ಲ. ನನ್ನ ಫ್ರೆಂಡ್ಸ್ ಎಲ್ಲಾ ಹೊರಟಾಯ್ತು. ಒಬ್ಳು ಕೆನಡಾ, ಇಬ್ರು ಕೊಚ್ಚಿ. ಇನ್ನು ನಾವು ಸಿಗೋದು ಅಂದ್ರೆ ಗೇಮಲ್ಲೇ. ಅದು ನಾನು ಎಲ್ಲಿದ್ರೂ ಆಗ್ತದೆ." ಸ್ವಲ್ಪ ಹೊತ್ತು ಚಾಯ ಊದಿದಳು. "ನೀವಿಬ್ಬರೂ ದಿನಾ ಊರು ಊರು ಅಂತೀರಿ. ನಂಗೆ ಅಲ್ಲಿ ಒಂದು ಬಸ್ ಹತ್ತಿ ಟಿಕೆಟ್ ಕೇಳ್ಲಿಕ್ಕೂ ಬರೋದಿಲ್ಲ. ಕಂಡಕ್ಟರ್ ನಗಾಡ್ತಾನೆ. ಅಜ್ಜಿಮನೆಗೆ ರಜೆಗೆ ಬಂದ ಹುಡುಗಿ ಅಂತ್ಲೇ ಎಷ್ಟು ವರ್ಷ ಇರೋದು?"

ಊರು ಎಂಬ ಮಾತನ್ನು ಅವಳಿಗೆ ಕಲಿಸಿದವಳು ನಾನು. ಇಲ್ಲಿ ಹುಟ್ಟಿದ ಮಗುವಿಗೆ ಊಟ ಮಾಡಿಸುವಾಗ ಅಲ್ಲಿನ ಬಾವಿ, ಅಲ್ಲಿನ ಹೊಳೆ, ಸಂಜೆಯ ಮೀನಿನ ಗಾಡಿಯ ಹಾರ್ನ್ ಎಂದು ಕಥೆ ಹೇಳಿದವಳು ನಾನು. ನಾನು ಬಯಸುತ್ತಿದ್ದ ಜಾಗಕ್ಕೇ ಅವಳು ಹೊರಟಿದ್ದಳು. ಆ ಬೀದಿಯಲ್ಲಿ ನಿಂತಾಗ ನನಗೆ ಮಾತ್ರ ಆ ಊರು ಬೇಡವಾಗಿತ್ತು. ಅವಳ ಹಣೆಗೆ ಅಂಟಿದ ಕೂದಲನ್ನು ಹಿಂದೆ ಸರಿಸಿದೆ. ಅವಳು ತಲೆ ಕೊಡವಿಕೊಳ್ಳಲಿಲ್ಲ.

ಅಂಗಡಿಗೆ ಮರಳಿ, "ಊರಿಗೆ," ಎಂದು ನಾನೇ ಹೇಳಿದೆ. ವಾರಂಟಿ ಸೇರಿಸಿದಾಗ ಮೊತ್ತ ಐದು ಸಾವಿರ ದಾಟಿತು. ಹೆಚ್ಚಿನದನ್ನು ನಾನು ಕೊಡುತ್ತೇನೆ ಎಂದು ಪರ್ಸಿಗೆ ಕೈ ಹಾಕಿದೆ. ಮಗಳು ನನ್ನ ಕೈ ತಡೆದಳು. "ಷರತ್ತು ನಿಂದೇ. ಐದು ಸಾವಿರ ಅಂದ್ರೆ ಐದು ಸಾವಿರ." ಬಣ್ಣದ ದೀಪದ ಫ್ಯಾನುಗಳ ಬದಲು ದೀಪ ಇಲ್ಲದ ಕಪ್ಪು ಫ್ಯಾನು ತೆಗೆದುಕೊಂಡಳು.

ಶುಕ್ರವಾರ ಪೂಜೆಯಿಂದ ಬಂದು, ಊಟ ಮುಗಿಸಿ, ಅಪ್ಪ ಮಗಳು ಅವಳ ಕೋಣೆಯಲ್ಲಿ ಜೋಡಿಸಲು ಕುಳಿತರು. ನಾನು ಮಂಚದ ತುದಿಯಲ್ಲಿ ಕುಳಿತೆ. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ನಾಲ್ಕು ಕೈಗಳಿಗೆ ಜಾಗ ಸಾಲುತ್ತಿರಲಿಲ್ಲ. "ಕೈ ತೆಗಿ ಮಾರಾಯ್ತಿ," ಎಂದು ಅವರು, "ನೀವು ತೆಗೀರಿ ಪಪ್ಪಾ, ಕಾಣೋದಿಲ್ಲ," ಎಂದು ಅವಳು. ಸಾಯಂಕಾಲದೊಳಗೆ ಯಂತ್ರ ಚಾಲೂ ಆಯಿತು. ತೆರೆಯ ಮೇಲೆ ಅಕ್ಷರಗಳು ಮೂಡಿದಾಗ ಅವರು, "ಖಲಾಸ್, ಮುಗೀತು," ಎಂದು ಅಂಗೈ ಒರೆಸಿಕೊಂಡರು. "ಈಗ ಒಂದು ಆಟ ಹಾಕು ನೋಡುವ."

ಅವಳು ಆಟ ಹಾಕಲಿಲ್ಲ. ಅವರ ಮುಖವನ್ನೇ ನೋಡಿ ಹೇಳಿದಳು, ನನಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ. ಊರಿನ ಸೀಟನ್ನು ಒಪ್ಪಿಕೊಂಡಿದ್ದೇನೆ, ನಿನ್ನೆ ಬರೆದು ಕಳಿಸಿದೆ, ಮುಂದಿನ ತಿಂಗಳು ಹೋಗಬೇಕು ಎಂದು.

ನನ್ನ ಗಂಡ ಕನ್ನಡಕ ತೆಗೆದು ಬನಿಯನಿನ ಅಂಚಿನಿಂದ ಒರೆಸಿದರು. ಒಂದು ಗಾಜು, ಮತ್ತೆ ಇನ್ನೊಂದು ಗಾಜು, ಮತ್ತೆ ಮೊದಲಿನದು. ಮೇಜಿನ ಕಡೆ ಅವರು ನೋಡಲಿಲ್ಲ. ನಾನು ನೋಡಿದೆ.

ಕೊನೆಗೆ ಕನ್ನಡಕ ಹಾಕಿಕೊಂಡು ಯಂತ್ರದ ಸ್ವಿಚ್ ಆರಿಸಿದರು. "ಹಾಗಾದ್ರೆ ಈ ಕಾರ್ಡನ್ನು ಒಳಗೇ ಇಟ್ಟು ಕೊಂಡುಹೋಗ್ಬೇಡ," ಎಂದರು. ಸ್ಕ್ರೂಡ್ರೈವರ್ ಎತ್ತಿಕೊಂಡರು. "ವಿಮಾನದಲ್ಲಿ ಅಲ್ಲಾಡಿದ್ರೆ ಅದರ ಭಾರಕ್ಕೆ ಬೋರ್ಡೇ ಮುರೀಬಹುದು. ಬಿಚ್ಚಿ, ಸುತ್ತಿ, ಬೇರೆ ಇಡು. ಅಲ್ಲಿ ಹೋಗಿ ನೀನೇ ಕೂರಿಸ್ಬೇಕು. ಅಲ್ಲಿ ನಾನಿಲ್ಲ. ಬಾ, ಯಲ್ಲಾ, ಬೇಗ ಕಲಿ."

ಮೊದಲ ಸಲ ಅವರೇ ಮಾಡಿ ತೋರಿಸಿದರು. ಮೊದಲು ವೈರು ಎಳೆಯಬೇಕು, ಆಮೇಲೆ ಸ್ಕ್ರೂ, ಆಮೇಲೆ ಬೋರ್ಡಿನ ಸಣ್ಣ ಕ್ಲಿಪ್ಪನ್ನು ಬೆರಳ ತುದಿಯಿಂದ ಒತ್ತಿ ಹಿಡಿದು, ಓರೆ ಮಾಡದೆ ನೇರವಾಗಿ ಮೇಲೆತ್ತಬೇಕು. ಎರಡನೆಯ ಸಲ ಅವಳು ಮಾಡಿದಳು. ಕ್ಲಿಪ್ಪಿನ ಹತ್ತಿರ ತಡವರಿಸಿದಾಗ ಅವರು ಬೆರಳಿಟ್ಟು ತೋರಿಸಿದರು. ಮೂರನೆಯ ಸಲ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವಳು ಕಾರ್ಡನ್ನು ತೆಗೆದಳು, ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿದಳು, ಮತ್ತೆ ಅದರ ಜಾಗಕ್ಕೆ ಇಟ್ಟು ಒತ್ತಿದಳು. ಕ್ಲಿಪ್ ಟಕ್ಕೆಂದು ಕೂತಿತು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

"ಬಂತು," ಎಂದರು ನನ್ನ ಗಂಡ.

ಬಂದಿತ್ತು. ನನಗೂ ಕಂಡಿತ್ತು.

"ಇನ್ನೊಂದು ಸಲ ಮಾಡು, ನೋಡುವ," ಎಂದೆ ನಾನು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸ್ಕ್ರೂಡ್ರೈವರ್ ತೆಗೆದುಕೊಂಡು, ವೈರಿನಿಂದ ಶುರುಮಾಡಿ, ಮೊದಲಿಗಿಂತ ನಿಧಾನವಾಗಿ ಬಿಚ್ಚತೊಡಗಿದಳು.