ಯಾವ ಬಳಿಯ ಮಗು

ಕೂಸನ್ನು ನೋಡಲು ಹೋಗುವವರು ಕೈಯಲ್ಲಿ ಸಾಬೂನು-ಪೌಡರುಗಳ ಪೆಟ್ಟಿಗೆಯನ್ನೂ ಬಾಯಲ್ಲಿ ಅದರ ಮೂಗಿನ ಬಗೆಗೊಂದು ಅಭಿಪ್ರಾಯವನ್ನೂ ಸಿದ್ಧವಾಗಿಟ್ಟುಕೊಂಡಿರಬೇಕೆಂಬುದು ನಮ್ಮ ಮಂಗಳೂರಿನ ಅಲಿಖಿತ ಶಿಷ್ಟಾಚಾರ. ಈ ಶಾಸ್ತ್ರದಲ್ಲಿ ನಾನು ಪಾರಂಗತನೆಂದು ಬಂಧುವರ್ಗದಲ್ಲಿ ಖ್ಯಾತಿ. ಫಳ್ನೀರಿನ ಆಸ್ಪತ್ರೆಗಳಲ್ಲಿ ಇನ್ನೂ ಸರಿಯಾಗಿ ಕಣ್ಣು ಬಿಡದ ಎಷ್ಟೋ ಶಿಶುಗಳ ಮೂಗನ್ನು ತಂದೆಯ ಕಡೆಗೂ ಗಲ್ಲವನ್ನು ತಾಯಿಯ ಕಡೆಗೂ ಹಂಚಿಕೊಟ್ಟು, ಉಭಯ ಪಕ್ಷಗಳಿಂದಲೂ ಕಾಫಿ ಕುಡಿದು ಬಂದವನು ನಾನು. ನಿಮ್ಮ ಮೂಗನ್ನೂ ಯಾರೋ ಹೀಗೆ ಹಂಚಿರುತ್ತಾರೆ, ನಿಮಗೆ ನೆನಪಿಲ್ಲ ಅಷ್ಟೆ.

ಹಾಗಾಗಿ ಕುಲಶೇಖರದಲ್ಲಿರುವ ಅಕ್ಕನ ಮಗಳು ಶ್ವೇತಾ ದತ್ತು ಪಡೆದ ನಾಲ್ಕು ತಿಂಗಳ ಹೆಣ್ಣುಮಗುವನ್ನು ನೋಡಲು ಹೋದ ದಿನವೂ ನಾಲಿಗೆ ಅಭ್ಯಾಸಬಲದಿಂದ "ಮೂಗು ಅಪ್ಪನದ್ದೇ!" ಎಂದುಬಿಟ್ಟಿತು. ಶ್ವೇತಾಳ ಗಂಡ ತನ್ನ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡ. ಶ್ವೇತಾ ನಕ್ಕಳು, ಅವರೊಂದಿಗೇ ಇರುವ ಅಕ್ಕ ನಗಲಿಲ್ಲ. ಮಗು ಬಂದು ವಾರವಾದರೂ ಅಕ್ಕ ಅದನ್ನು ಎತ್ತಿಕೊಂಡಿಲ್ಲವೆಂಬುದು ಆಗ ತಿಳಿಯಿತು.

ಶ್ವೇತಾಳ ಆತಂಕ ಮುಂದಿನ ಭಾನುವಾರದ ನಾಮಕರಣದ್ದು. ನಮ್ಮಲ್ಲಿ ಮಕ್ಕಳು ತಾಯಿಯ ವಂಶಕ್ಕೆ, ಅಂದರೆ ತಾಯಿಯ 'ಬಳಿ'ಗೆ ಸೇರುವವರು. ತೊಟ್ಟಿಲಿಗೆ ಹಾಕುವ ಮೊದಲು ಸೋದರಮಾವ ದೈವಕ್ಕೆ ಕೈಮುಗಿದು ಮಗುವಿನ ಹೆಸರನ್ನೂ ಬಳಿಯನ್ನೂ ಎಲ್ಲರೆದುರು ಹೇಳುವುದು ನಮ್ಮ ಮನೆಯ ಪದ್ಧತಿ. ಶ್ವೇತಾಳಿಗೆ ಅಣ್ಣತಮ್ಮಂದಿರಿಲ್ಲದ ಕಾರಣ ಆ ಹೊಣೆ ನನ್ನದು. ದತ್ತು ಅರ್ಜಿ ಹಾಕಿದ ದಿನ ಅಕ್ಕ "ಯಾವ ಬಳಿಯ ಮಗುವೋ ಎಂತದೋ" ಎಂದವಳು ಆಮೇಲೆ ಆ ಮಾತೇ ಎತ್ತಿರಲಿಲ್ಲ.

"ಅಮ್ಮ ನಮ್ಮ ಬಳಿ ಹೇಳುವುದು ಬೇಡ ಅಂದ್ರೆ ನಾನು ಮಗುವನ್ನು ಎತ್ತಿಕೊಂಡು ಹೊರಗೆ ಹೋಗ್ತೇನೆ ಮಾಮ," ಎಂದಳು ಶ್ವೇತಾ.

ನಾನು ಧೈರ್ಯ ಹೇಳಿದೆ. ದತ್ತಕ ಸಂತಾನದ ಮಹಿಮೆಯ ಕುರಿತು ಸಂಸ್ಕೃತಭೂಯಿಷ್ಠ ಭಾಷಣವೊಂದನ್ನು ಪಡೀಲಿನ ನನ್ನ ಮನೆಯ ಕನ್ನಡಿಯೆದುರು ಮೂರು ಸಲ ಅಭ್ಯಾಸ ಮಾಡಿದೆ. ವಾದದಲ್ಲಿ ಅಕ್ಕನನ್ನು ಗೆಲ್ಲುವೆನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ, ಅರುವತ್ತು ವರ್ಷಗಳಲ್ಲಿ ಒಮ್ಮೆಯೂ ಗೆದ್ದಿರಲಿಲ್ಲವಾದರೂ.

ಭಾನುವಾರ ಬೆಳಿಗ್ಗೆ ಅಕ್ಕನೇ ನನ್ನನ್ನು ಬಾಲ್ಕನಿಗೆ ಕರೆದಳು. ಭಾಷಣದ ಮೊದಲ ಸಾಲು ತುಟಿಗೆ ಬಂದಿತ್ತು, ಅವಳೇ ಮೊದಲು ಕೇಳಿದಳು.

"ಹೆತ್ತವಳು ನಾಳೆ ಬಂದು ಕೇಳಿದ್ರೆ ಎಂತ ಮಾಡುವುದು ಮಾರಾಯ? ಒಮ್ಮೆ ಎತ್ತಿಕೊಂಡ್ರೆ ಮತ್ತೆ ನನಗೆ ಬಿಡ್ಲಿಕ್ಕೆ ಆಗುವುದಿಲ್ಲ."

ವಂಶದ ಪ್ರಶ್ನೆಗೆಂದು ಸಜ್ಜಾಗಿದ್ದ ನನ್ನ ಪಾಂಡಿತ್ಯ ನೆಲ ಕಚ್ಚಿತು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು ಎರಡು ತಿಂಗಳು ಕೊಡುತ್ತದೆ, ಅದು ಮುಗಿದ ಮೇಲೆಯೇ ದತ್ತು ಕೊಡುವುದು ಎಂದು ಸರಳವಾಗಿ ಹೇಳಿದೆ.

"ಆ ಎರಡು ತಿಂಗಳು ಅವಳು ಹೇಗೆ ಕಳೆದಳೋ, ಪಾಪ," ಎಂದಳು ಅಕ್ಕ.

ನನಗೆ ನಾಚಿಕೆಯಾಯಿತು. ಅಷ್ಟು ದಿನಗಳಲ್ಲಿ ಆ ತಾಯಿಯ ಬಗ್ಗೆ ನಾವು ಯಾರೂ ಒಂದು ಮಾತೂ ಆಡಿರಲಿಲ್ಲ.

ಒಳಗೆ ದೀಪದೆದುರು ಕೈಮುಗಿದು ಮಗುವಿನ ಹೆಸರು ಹೇಳಿದೆ. ಬಳಿ ಹೇಳುವ ಮೊದಲು ಆ ತಾಯಿಯ ನೆನಪಾಗಿ ಅಕ್ಕನತ್ತ ನೋಡಿದೆ. ಆ ನೋಟವನ್ನು ಬೇರೆಯೇ ಅರ್ಥ ಮಾಡಿಕೊಂಡ ಶ್ವೇತಾ ಮಗುವನ್ನು ಬಿಗಿಹಿಡಿದು ಏಳಲು ಹೊರಟಳು. ಅಷ್ಟರಲ್ಲಿ ಅಕ್ಕ ಮುಂದೆ ಬಂದು, ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡು ಎದೆಗಾನಿಸಿ, ನಮ್ಮ ಬಳಿಯ ಹೆಸರನ್ನು ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ ತಾನೇ ಹೇಳಿದಳು. ಮತ್ತೆ ನನ್ನತ್ತ ತಿರುಗಿದಳು.

"ಹೆತ್ತವಳು ಎಲ್ಲಿದ್ದರೂ ಅವಳಿಗೆ ಒಳ್ಳೆಯದಾಗ್ಲಿ ಅಂತ ಕೈಮುಗಿ. ಅದನ್ನಾದ್ರೂ ನೀನೇ ಹೇಳು."

ಹೇಳಿದೆ.