ಪಂಕಜಕ್ಕನ ಬೇವು

ಉಲ್ಲಾಳದ ಮಹದೇವನಿಗೆ ಬಾಯಿ ಸುಮ್ಮನಿರುವುದಿಲ್ಲ. ಯೂನಿವರ್ಸಿಟಿ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಫರ್ನೇಸ್ ಕಾಯುವುದು ಅವನ ಕೆಲಸ. ಆದರೆ ಮನೆಯಲ್ಲಿ ಅವನ ಮಾತು ಕೇಳಬೇಕು, ಅಬ್ಬಾ, ಲ್ಯಾಬೆಲ್ಲ ಇವನ ಮೇಲೇ ನಿಂತಿದೆ!

ಎರಡು ವರ್ಷದಿಂದ ಪ್ರತಿ ಸೋಮವಾರ, ತಾಯಿ ಹೋದ ಮೇಲೆ ತನ್ನನ್ನು ಸಾಕಿದ ಅಕ್ಕ ಪಂಕಜಳ ಮನೆಮುಂದಿನ ಬೇವಿನ ಮರದಿಂದ ಒಂದು ಚೀಲ ಎಲೆ ಒಯ್ಯುತ್ತಿದ್ದ. ಪಿಎಚ್‌ಡಿ ಮಾಡುವ ಕೀರ್ತನಾ ಅದನ್ನು ಕುದಿಸಿ ಸೋಸಿ, ಸತುವಿನ ಉಪ್ಪು ಬೆರೆಸಿ, ಫರ್ನೇಸಿನಲ್ಲಿ ಸುಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ಪುಡಿ ತೆಗೆಯುತ್ತಿದ್ದಳು. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುತ್ತಿದ್ದಳು. ಅಷ್ಟೇ. ಇವನು ಮಾತ್ರ, "ನಿನ್ ಮರದಿಂದ ಕ್ಯಾನ್ಸರ್‌ಗೆ ಔಷಧಿ ಮಾಡ್ತಾ ಇದೀವಿ ಕಣಕ್ಕ" ಎಂದು, ಕುದಿಸಿ ಸೋಸುವುದನ್ನೆಲ್ಲ ವರ್ಣಿಸಿ ಕೊಚ್ಚಿಕೊಂಡಿದ್ದ.

ಈ ವರ್ಷ ಅಕ್ಕನ ಎದೆಯಲ್ಲೇ ಗಂಟು ಸಿಕ್ಕಿತು. ಮೊದಲ ಕೀಮೋಗೆ ಮಹದೇವನೇ ಕರೆದೊಯ್ದ. ಕೂದಲು ಉದುರಿತು, ವಾಂತಿ ನಿಲ್ಲಲಿಲ್ಲ. ಎರಡನೆಯದಕ್ಕೆ, "ನೀನು ರಜಾ ಹಾಕ್ಬೇಡ, ಪಕ್ಕದ್ಮನೆಯವ್ರ ಜೊತೆ ಹೋಗ್ಬರ್ತೀನಿ" ಎಂದಳು. ಆಮೇಲೆ ಫೋನ್ ಮಾಡಿದಾಗೆಲ್ಲ "ಚೆನ್ನಾಗಿದೀನಿ ಕಣೋ" ಎನ್ನುವಳು. ಈ ಸಲ ವಾಂತಿಯಿಲ್ಲ, ಸುಸ್ತಿಲ್ಲ. ಅದು ಹೇಗೆ? ಮಹದೇವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಎರಡು ಬೀಕರ್ ಒಡೆದು ಬೈಸಿಕೊಂಡ.

ಮೂರು ವಾರ ಲ್ಯಾಬಿಗೆ ಎಲೆ ಬೇಕಿರಲಿಲ್ಲ. ಆಮೇಲಿನ ಸೋಮವಾರ ಎಲೆಗೆಂದು ಹೋದವನು ತಲೆಯೆತ್ತಿ ನೋಡಿದ. ಕೈಗೆಟಕುವ ಕೊಂಬೆಗಳೆಲ್ಲ ಬೋಳು. ಅವನು ಕೀಳುವುದು ವಾರಕ್ಕೆ ಒಂದೇ ಚೀಲ! ಅಡುಗೆಮನೆಗೆ ನುಗ್ಗಿದರೆ ಒಲೆಯ ಮೇಲೆ ಬೇವಿನ ಕಷಾಯ ಕುದಿಯುತ್ತಿತ್ತು, ಪಕ್ಕದಲ್ಲಿ ಸೋಸಲು ಬಿಳಿ ಬಟ್ಟೆ. ಥೇಟ್ ಅವನು ವರ್ಣಿಸಿದ ಹಾಗೆ.

"ಆಸ್ಪತ್ರೆಗೆ ಹೋದ್ಯೇನಕ್ಕ?"

"ಇಲ್ಲ ಕಣೋ. ಆ ಹಿಂಸೆ ಯಾಕೆ? ದಿನಾ ಮೂರು ಲೋಟ ಇದನ್ನೇ ಕುಡೀತಾ ಇದೀನಿ."

"ಅಯ್ಯೋ, ಅದು ಔಷಧಿ ಅಲ್ಲಕ್ಕ! ತಟ್ಟೇಲಿ ಹಾಕಿ ನೋಡ್ತಾ ಇದಾರೆ, ಇನ್ನೂ ಒಬ್ರಿಗೂ ಕೊಟ್ಟಿಲ್ಲ. ನಾನು ಅಲ್ಲಿ ಪಾತ್ರೆ ತೊಳೆಯೋನು. ದೊಡ್ಡಸ್ತಿಕೆಗೆ ಹೇಳ್ಬಿಟ್ಟೆ."

ಪಂಕಜ ಒಲೆ ಆರಿಸಿದಳು. "ವಿಷದಂಗೆ ಕಹಿ ಇತ್ತು ಕಣೋ. ನನ್ ತಮ್ಮ ಮಾಡ್ತಿರೋದು ಅಂತ ಕಣ್ಮುಚ್ಕೊಂಡು ಕುಡಿದೆ."

ಮಹದೇವ ಕಷಾಯವನ್ನು ಬಚ್ಚಲಿಗೆ ಸುರಿದು, ಬೀರುವಿನ ಮೇಲಿದ್ದ ಆಸ್ಪತ್ರೆಯ ಫೈಲು ತೆಗೆದುಕೊಂಡು ಆಟೋ ಕೂಗಿದ. ಎರಡನೆಯ ಕೀಮೋ ಹದಿನೆಂಟು ದಿನ ತಡವಾಗಿತ್ತು.

"ಯಾಕೆ ಬರ್ಲಿಲ್ಲ ಅಂತ ಡಾಕ್ಟರ್ ಬೈದ್ರೆ?" ಅಕ್ಕ ಆಟೋದಲ್ಲಿ ಕೇಳಿದಳು.

"ನೀನು ಮಾತಾಡ್ಬೇಡ. ನನ್ ತಪ್ಪು ಅಂತ ನಾನೇ ಹೇಳ್ತೀನಿ."